ಕಾರು ಕೊಳ್ಳುವ ಮೊದಲು ಒಲೆರಾಯ ಕೇಳಿದ್ದು

ವಾರಕ್ಕೆ ಎರಡು ದಿನ ಒಲೆರಾಯನ ತಾಯಿಯ ರಕ್ತವನ್ನು ಆಸ್ಪತ್ರೆಯ ಯಂತ್ರ ತೊಳೆದು ಕೊಡುತ್ತಿತ್ತು. ಎರಡೂ ಮೂತ್ರಪಿಂಡಗಳು ಕೈಕೊಟ್ಟು ಎರಡು ವರ್ಷವಾಗಿತ್ತು. ಹೋಗುವಾಗ ಬಸ್ಸು, ಬರುವಾಗಲೂ ಬಸ್ಸು. ಹೋಗುವಾಗ ಹೇಗೋ ನಡೆಯುತ್ತಿತ್ತು. ಬರುವಾಗ ಮಾತ್ರ ತಾಯಿ ಹಿಂಡಿ ಹಾಕಿದ ಬಟ್ಟೆಯಂತಾಗಿರುತ್ತಿದ್ದರು.

ಒಲೆರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬೇಕರಿಯಲ್ಲಿ ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ನಿಂತು ಬ್ರೆಡ್ಡು ಬೇಯಿಸಿದವನಿಗೆ ಬೀದಿಯವರು ಕೊಟ್ಟ ಬಿರುದು. ಮುಂಗೈಯ ಕೂದಲು ಸುಟ್ಟು ಹೋಗಿ ಎಷ್ಟೋ ಕಾಲವಾಗಿತ್ತು. ಯಾರನ್ನೂ ಏನನ್ನೂ ಎದುರಿಗೆ ನಿಂತು ಕೇಳುವ ಅಭ್ಯಾಸ ಅವನಿಗಿರಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಬಂದರೂ ಎಣಿಸದೆ ಜೇಬಿಗೆ ಹಾಕಿಕೊಳ್ಳುವ ಮನುಷ್ಯ. "ಕೇಳಿದ್ರೆ ಏನಂದ್ಕೋತಾರೋ" ಎನ್ನುವುದು ಅವನ ಬಾಯಿಪಾಠ.

ಒಂದು ಗುರುವಾರ ಆಸ್ಪತ್ರೆಯಿಂದ ಬರುವಾಗ ಬಸ್ಸಿನ ಮೆಟ್ಟಿಲ ಮೇಲೆ ತಾಯಿಯ ಕಾಲು ಜಾರಿತು. ಬೀಳಲಿಲ್ಲ. ಹಿಡಿಕೆ ಹಿಡಿದುಕೊಂಡರು. ಆದರೆ ಹಿಡಿದದ್ದು ಸೂಜಿ ಚುಚ್ಚಿದ ಕೈಯಲ್ಲಿ. ಪಟ್ಟಿಯೊಳಗಿನಿಂದ ರಕ್ತ ಒಸರಿ ಮೊಣಕೈಯವರೆಗೆ ಇಳಿಯಿತು. ಕಂಡಕ್ಟರು ಬಸ್ಸು ನಿಲ್ಲಿಸಿದ. ಯಾರೋ ಕರ್ಚೀಫು ಕೊಟ್ಟರು. ಒಲೆರಾಯ ಗಾಯದ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಇಡೀ ದಾರಿ ನಿಂತುಕೊಂಡೇ ಬಂದ. ತಾಯಿ ಒಂದೇ ಮಾತು ಆಡಿದರು:

"ಮಗಾ, ನಿನ್ನ ಅಂಗಿ ಹಾಳಾಯ್ತಲ್ಲೋ."

ಮನೆಗೆ ಬಂದವನೇ ಹೆಂಡತಿಗೆ ಹೇಳಿದ, "ಕಾರು ತಗೊಳ್ಳೋಣ. ಚಿಕ್ಕದು. ಹಳೇದಾದ್ರೂ ಸರಿ."

ಹೆಂಡತಿ ಮನೆಯಲ್ಲೇ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವವಳು. ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಮಗಳ ಓದಿಗೆಂದು ಕೂಡಿಟ್ಟ ಹಣದ ಮಾತು ಇಬ್ಬರೂ ಎತ್ತಲಿಲ್ಲ. ಎತ್ತದಿದ್ದರೂ ಇಬ್ಬರಿಗೂ ಗೊತ್ತಿತ್ತು. ಒಮ್ಮೆ ಕೈಬಿಟ್ಟರೆ ಇನ್ನೊಮ್ಮೆ ಕೂಡಿಸುವ ವಯಸ್ಸು ಇಬ್ಬರದೂ ಅಲ್ಲ.

"ತಗೊಳ್ಳೋಣ. ಆದ್ರೆ ನೋಡಿ ತಗೊಳ್ಳೋಣ" ಎಂದಳು.

ನೋಡಿದ್ದೂ ಆಯಿತು. ಮೂರೇ ದಿನದಲ್ಲಿ ಒಬ್ಬ ಬ್ರೋಕರ್ ಸಿಕ್ಕಿದ. ಅವನ ಅಂಗಳದಲ್ಲಿ ಒಂದು ಕೆಂಪು ಕಾರು ನಿಂತಿತ್ತು. ಒರೆಸಿ ಒರೆಸಿ ಕನ್ನಡಿಯಂತೆ ಮಾಡಿದ್ದ. ಒಲೆರಾಯ ಬಾಗಿಲಿನಲ್ಲಿ ತನ್ನ ಮುಖ ನೋಡಿಕೊಂಡ. ಬೇಕರಿಯ ಸಾಮಾನಿನ ವ್ಯಾನು ಓಡಿಸಿ ಗೊತ್ತಿದ್ದ ಅವನಿಗೆ ತನ್ನದೇ ಎನ್ನುವ ಗಾಡಿಯ ಮುಂದೆ ನಿಂತದ್ದು ಅದೇ ಮೊದಲು. ಎದೆ ಉಬ್ಬಿತು.

"ಇನ್ನೊಂದು ಪಾರ್ಟಿನೂ ಕೇಳ್ತಿದೆ ಸಾರ್. ನಿಮ್ಮ ಮುಖ ನೋಡಿ ನಾಳೆ ತನಕ ಇಟ್ಕೋತೀನಿ. ಅಡ್ವಾನ್ಸ್ ತಂದುಬಿಡಿ" ಎಂದ ಬ್ರೋಕರ್.

"ನೀನು ಏನೇನು ಕೇಳಿದೆ?" ಎಂದಳು ಹೆಂಡತಿ, ಮನೆಗೆ ಬಂದ ಮೇಲೆ.

"ಕೇಳೋದೇನಿದೆ? ಚೆನ್ನಾಗಿದೆ. ಕಣ್ಣಿಗೆ ಕಾಣುತ್ತಲ್ಲ."

"ಬೆಳ್ಳಗಿರೋದೆಲ್ಲ ಹಾಲಲ್ಲ. ಬೀದಿ ಕೊನೇಲಿ ಗ್ಯಾರೇಜಿನ ಅಕ್ಕ ಇದ್ದಾರೆ. ಒಂದು ಮಾತು ಕೇಳ್ಕೊಂಡು ಬಾ. ಅವರು ಬರದೆ ಒಂದು ಪೈಸೆ ಹೊರಗೆ ಹೋಗಲ್ಲ."

ಗ್ಯಾರೇಜಿನ ಅಕ್ಕ ಎಂದರೆ ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ಅವನ ರಿಪೇರಿ ಅಂಗಡಿಯನ್ನು ತಾವೇ ನಡೆಸುತ್ತಿದ್ದರು. ಎರಡು ಗಾಡಿ ನಿಲ್ಲುವಷ್ಟು ಜಾಗ, ಗೋಡೆ ತುಂಬ ಸ್ಪ್ಯಾನರು, ಒಂದು ಮೂಲೆಯಲ್ಲಿ ಕೈತೊಳೆಯಲು ಸೀಮೆಎಣ್ಣೆಯ ಡಬ್ಬ. ಒಲೆರಾಯ ಹೋದಾಗ ಮಧ್ಯಾಹ್ನ. ಅಕ್ಕ ಕಬ್ಬಿಣದ ಸ್ಟೂಲಿನ ಮೇಲೆ ಕೂತು ಒಂದು ಪ್ಲಗ್ಗನ್ನು ಉಜ್ಜುತ್ತಿದ್ದರು.

ಅವನು ವಿಷಯ ಹೇಳಿದ. ಕೊನೆಗೆ ಸಂಕೋಚದಿಂದ ಸೇರಿಸಿದ, "ಅಕ್ಕಾ, ನೀವೇನೂ ಜಾಸ್ತಿ ತೊಂದ್ರೆ ತಗೋಬೇಡಿ. ಹೊರಗಿಂದ ಒಂದು ಸಲ ನೋಡಿ 'ಸರಿ ಇದೆ, ತಗೋ' ಅಂದುಬಿಡಿ. ಸಾಕು."

ಅಕ್ಕನ ಕೈ ನಿಂತಿತು.

"ಆ ಮಾತು ನನ್ನ ಹತ್ರ ಆಡಬೇಡಪ್ಪ" ಎಂದರು.

ಒಲೆರಾಯನಿಗೆ ತಾನು ಏನು ತಪ್ಪು ಮಾಡಿದೆನೋ ತಿಳಿಯಲಿಲ್ಲ. ಎದ್ದು ಹೋಗಲೂ ಆಗದೆ ಕೂರಲೂ ಆಗದೆ ನಿಂತ. ಅಕ್ಕ ಇನ್ನೊಂದು ಸ್ಟೂಲನ್ನು ಕಾಲಿನಿಂದ ಅವನತ್ತ ತಳ್ಳಿದರು.

"ನನಗೊಬ್ಬಳು ತಂಗಿ ಇದ್ಳು. ಅಂಚೆ ಕಚೇರೀಲಿ ಕೆಲಸ. ನಾಲ್ಕು ವರ್ಷದ ಹಿಂದೆ ಅವಳೂ ಮೊದಲನೇ ಸಲ ಕಾರು ತಗೊಂಡ್ಳು. ತಗೊಳ್ಳೋ ಮುಂಚೆ ಇಲ್ಲಿಗೇ ತಂದಿದ್ಳು, ಇದೇ ಬಾಗಿಲಿಗೆ. ನಾನು ಒಂದು ವ್ಯಾನಿನ ಕೆಳಗೆ ಮಲಗಿದ್ದೆ. ಕೆಲಸದ ಒತ್ತಡ. 'ಅಕ್ಕಾ, ಒಂದು ಸಲ ನೋಡು' ಅಂದ್ಳು. ಎದ್ದು ಬಂದೆ. ಸುತ್ತ ಒಂದು ಸುತ್ತು ಹಾಕಿದೆ. ಬಾನೆಟ್ಟು ತಟ್ಟಿದೆ. 'ಗಟ್ಟಿ ಇದೆ, ತಗೋ' ಅಂದೆ. ಮತ್ತೆ ವ್ಯಾನಿನ ಕೆಳಗೆ ಹೋಗಿ ಮಲಗಿದೆ."

ಹೊರಗೆ ಒಂದು ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಯಿತು.

"ಏಳು ವಾರ ಆಗಿತ್ತು. ತಿರುವಿನಲ್ಲಿ ಒಂದು ಲಾರಿಗೆ ತಗುಲಿತು. ಜೋರಾಗೇನೂ ಹೋಗ್ತಿರಲಿಲ್ಲ. ಬೆಲ್ಟೂ ಹಾಕಿದ್ಳು. ಅಂಥ ಪೆಟ್ಟಿಗೆ ಸಾಯೋ ಹಾಗಿರಲಿಲ್ಲ ಅಂತ ಡಾಕ್ಟರೇ ಅಂದ್ರು. ಆಮೇಲೆ ಆ ಗಾಡೀನ ನಾನೇ ಬಿಚ್ಚಿದೆ. ಸ್ಟೇರಿಂಗಿನ ಮಧ್ಯದಲ್ಲಿ ಏರ್‌ಬ್ಯಾಗ್ ಇರ್ಬೇಕಲ್ಲ? ಮುಚ್ಚಳ ಇತ್ತು. ಒಳಗೆ ಹಳೇ ಬಟ್ಟೆ ತುರುಕಿದ್ರು. ಹಿಂದೆ ಎಲ್ಲೋ ಅಪಘಾತ ಆಗಿ ಬ್ಯಾಗು ಒಡೆದಿತ್ತು, ಹೊಸದು ಹಾಕಿರಲಿಲ್ಲ. ಬೆಲ್ಟಿನ ಬೀಗಾನೂ ಹಿಡೀತಿರಲಿಲ್ಲ."

"ಬಟ್ಟೆ" ಎಂದರು ಅಕ್ಕ ಮತ್ತೆ. "ಕೀ ತಿರುಗಿಸಿ ಒಂದು ದೀಪ ನೋಡಿದ್ರೆ ಗೊತ್ತಾಗೋದು. ಬೆಲ್ಟು ಒಂದು ಸಲ ಜಗ್ಗಿದ್ರೆ ಗೊತ್ತಾಗೋದು. ಮೆಕ್ಯಾನಿಕ್ ಆಗಿ ನಾನೇ ನೋಡಲಿಲ್ಲ. ಅವಳಿಗೆ ನನ್ನ ಮಾತೇ ಪ್ರಮಾಣ."

ಅಕ್ಕ ಸಮಾಧಾನದ ಮಾತಿಗೆ ಕಾಯಲಿಲ್ಲ.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರೆ. ಒಲೆ ವಿಷಯ ನಿನಗೆ ಹೇಳಿಕೊಡಬೇಕಾ?" ಎಂದು ಸ್ವಲ್ಪವೇ ನಕ್ಕರು. "ನಾಳೆ ಬರ್ತೀನಿ. ಆದ್ರೆ ಅಲ್ಲಿ ನಾನು ಬಾಯಿ ಬಿಡಲ್ಲ. ನೀನೇ ಕೇಳ್ಬೇಕು."

"ಅಯ್ಯೋ ಅಕ್ಕಾ, ನನಗೆ ಬರಲ್ಲ. ಅವನು ಬೇಜಾರು ಮಾಡ್ಕೊಂಡ್ರೆ?"

"ನಿನ್ನ ಬೇಕರೀಲಿ ಗಿರಾಕಿ ಬಂದು 'ಬ್ರೆಡ್ಡು ಇವತ್ತಿಂದಾ?' ಅಂತ ಕೇಳಲ್ವಾ?"

"ದಿನಾ ಕೇಳ್ತಾರೆ."

"ಬೇಜಾರಾಗುತ್ತಾ?"

"ಅದ್ಯಾಕೆ? ಇವತ್ತಿಂದೇ ಇರುತ್ತಲ್ಲ."

"ಹಳೇದಿದ್ರೆ?"

ಹಳೆಯ ಬ್ರೆಡ್ಡು ಇಟ್ಟ ದಿನ ಮಾತ್ರ ಮಾಲೀಕರಿಗೆ ಆ ಪ್ರಶ್ನೆ ಕೇಳಿದರೆ ಸಿಟ್ಟು ಬರುತ್ತಿದ್ದುದು ಒಲೆರಾಯನಿಗೆ ಗೊತ್ತಿತ್ತು.

ಅಕ್ಕ ಎದ್ದು ಕೈ ತೊಳೆದುಕೊಂಡು ಏನೇನು ನೋಡಬೇಕು, ಏನೇನು ಕೇಳಬೇಕು ಎಂದು ಹೇಳಿಕೊಟ್ಟರು. ಎಲ್ಲಕ್ಕಿಂತ ಮೊದಲು ನಿನ್ನನ್ನೇ ಕೇಳಿಕೋ ಎಂದರು: ಈ ಕಾರು ಯಾರಿಗೆ, ಎಲ್ಲಿಗೆ, ವಾರಕ್ಕೆ ಎಷ್ಟು ದಿನ? "ತಾಯಿಗೆ ಅಂತೀಯಾ. ಹಾಗಿದ್ರೆ ತಾಯೀನ ಕರ್ಕೊಂಡು ಬಾ. ಅಂಗಿ ಹೊಲಿಸೋವಾಗ ಅಳತೆ ಯಾರದ್ದು ಕೊಡ್ತೀವಿ? ನಿನ್ನ ಹೆಂಡತೀನ ಕೇಳು."

ಮರುದಿನ ಹತ್ತು ಗಂಟೆಗೆ ನಾಲ್ವರೂ ಬ್ರೋಕರನ ಅಂಗಳಕ್ಕೆ ಹೋದರು. ಬ್ರೋಕರ್ ಕುರ್ಚಿ ತರಿಸಿದ, ತಾಯಿಗೆ ನೀರು ಕೊಟ್ಟ, "ಅಮ್ಮಾ, ಇನ್ನು ಮೇಲೆ ನಿಮಗೆ ರಾಜಯೋಗ" ಎಂದ. ಅಕ್ಕ ಸುಮ್ಮನೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಒಲೆರಾಯನ ಕಡೆ ನೋಡಿದರು. ಅವನೂ ಇಟ್ಟು ನೋಡಿದ. ಬಿಸಿ. ಶಾಖದ ವಿಷಯದಲ್ಲಿ ಅವನ ಕೈಗೆ ಸುಳ್ಳು ಹೇಳಲು ಸಾಧ್ಯವಿರಲಿಲ್ಲ. ಅರ್ಧ ಗಂಟೆಯಾದರೂ ಓಡಿದ ಎಂಜಿನ್ನು.

ಸಂಕೋಚಪಡುತ್ತಲೇ ಕೇಳಿದ, "ನಾವು ಬರೋ ಮುಂಚೆನೇ ಸ್ಟಾರ್ಟ್ ಮಾಡಿದ್ರಾ? ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತೆ ಅಂತ ನೋಡ್ಬೇಕಿತ್ತು."

"ಅಯ್ಯೋ ಸಾರ್, ನಿಮಗೋಸ್ಕರ ಒಂದು ರೌಂಡ್ ಹೋಗಿ ಬಂದೆ. ಕುದುರೆ ಇದ್ದ ಹಾಗಿದೆ."

ತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಕೂರುವುದೇನೋ ಕೂತರು. ಏಳುವಾಗ ಸೀಟು ಮೊಣಕಾಲಿಗಿಂತ ಕೆಳಗೆ. ಒಲೆರಾಯ ಒಂದು ಕಡೆ, ಸೊಸೆ ಒಂದು ಕಡೆ ಹಿಡಿದು ಎತ್ತಬೇಕಾಯಿತು. ಸೂಜಿಯ ಕೈಯನ್ನು ತಾಯಿ ಎದೆಗೆ ಒತ್ತಿಕೊಂಡಿದ್ದರು.

"ಮಗಾ, ಇದು ಕಾರಲ್ಲ, ಬಾವಿ" ಎಂದರು ಏದುಸಿರು ಬಿಡುತ್ತ. "ಪ್ರತಿ ಸಲ ಹಗ್ಗ ಹಾಕಿ ಎತ್ತಬೇಕು."

ಬ್ರೋಕರ್ ಜೋರಾಗಿ ನಕ್ಕ. ಹೆಂಡತಿ ನಗಲಿಲ್ಲ. ಅವಳು ಕೇಳಿದಳು, "ಅಣ್ಣಾ, ಈಗಿನ ಓನರ್ ಯಾರು? ಅವರು ಎಷ್ಟನೆಯವರು? ಯಾಕೆ ಮಾರ್ತಿದ್ದಾರೆ?"

"ಅದೆಲ್ಲ ಪೇಪರಿನಲ್ಲಿದೆ ತಾಯಿ. ಪೇಪರ್ ನಾಳೆ ಬರುತ್ತೆ."

ಒಲೆರಾಯ ಚಾಲಕನ ಸೀಟಿನಲ್ಲಿ ಕೂತ. ಬೆಲ್ಟು ಎಳೆದು ಒಮ್ಮೆಲೇ ಜಗ್ಗಿದ. ತಟ್ಟನೆ ಹಿಡಿದು ನಿಲ್ಲಬೇಕಾದ ಬೆಲ್ಟು ಸರಸರನೆ ಬಿಚ್ಚಿಕೊಂಡು ಬಂತು. ಎಂಜಿನ್ ಸ್ಟಾರ್ಟ್ ಮಾಡದೆ ಕೀಯನ್ನಷ್ಟೇ ತಿರುಗಿಸಿದ. ಅಕ್ಕ ಹೇಳಿದ್ದರು: ಎದುರಿನ ಫಲಕದಲ್ಲಿ ಒಂದೊಂದು ದೀಪವೂ ಹತ್ತಬೇಕು, ನಾಲ್ಕೈದು ಕ್ಷಣದಲ್ಲಿ ಏರ್‌ಬ್ಯಾಗಿನ ದೀಪ ಆರಬೇಕು. ಹತ್ತಿ ಆರದಿದ್ದರೆ ದೋಷ ಇದೆ ಎಂದು ಅರ್ಥ. ಹತ್ತಲೇ ಇಲ್ಲ ಎಂದರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ ಎಂದು ಅರ್ಥ.

ಬೇರೆ ದೀಪಗಳೆಲ್ಲ ಹತ್ತಿದವು. ಏರ್‌ಬ್ಯಾಗಿನದು ಹತ್ತಲಿಲ್ಲ.

ಅವನು ಕೀ ತೆಗೆದು ಮತ್ತೆ ತಿರುಗಿಸಿದ. ಮೂರನೆಯ ಸಲವೂ ತಿರುಗಿಸಿದ. ತನ್ನ ಎದೆಯ ಮುಂದೆ ಒಂದು ಗೇಣು ದೂರದಲ್ಲಿದ್ದ ಸ್ಟೇರಿಂಗನ್ನು ನೋಡಿದ. ಮುಚ್ಚಳ ಹೊಸದಾಗಿ, ನುಣ್ಣಗೆ ಹೊಳೆಯುತ್ತಿತ್ತು.

"ಏರ್‌ಬ್ಯಾಗಿನ ದೀಪ ಹತ್ತಲಿಲ್ಲ" ಎಂದ.

"ಬಲ್ಬ್ ಹೋಗಿರುತ್ತೆ ಬಿಡಿ ಸಾರ್. ಸಣ್ಣ ವಿಷಯ."

"ಈ ಗಾಡಿಗೆ ಅಪಘಾತ ಆಗಿತ್ತಾ?"

"ಛೇ ಛೇ! ಒಂದು ಗೀರೂ ಇಲ್ಲ."

ಒಲೆರಾಯ ಕಾರಿನಿಂದ ಇಳಿದ.

"ಹಾಗಾದ್ರೆ ಒಂದು ಕೆಲಸ ಮಾಡಿ. ಅಪಘಾತ ಆಗಿಲ್ಲ, ಏರ್‌ಬ್ಯಾಗು ಇದೆ, ಕೆಲಸ ಮಾಡುತ್ತೆ ಅಂತ ಒಂದು ಹಾಳೇಲಿ ಬರೆದು ಸಹಿ ಹಾಕಿ ಕೊಡಿ. ಈಗಲೇ ಅಡ್ವಾನ್ಸ್ ಕೊಡ್ತೀನಿ."

ಬ್ರೋಕರನ ನಗು ಅರ್ಧದಲ್ಲಿ ನಿಂತಿತು. "ನಂಬಿಕೆ ಇಲ್ಲದವರ ಜೊತೆ ನಾನು ವ್ಯಾಪಾರ ಮಾಡಲ್ಲ ಸಾರ್. ಬೇಡಾಂದ್ರೆ ಹೊರಡಿ. ತಗೊಳ್ಳೋರು ಬರ್ತಿದ್ದಾರೆ" ಎಂದು ಗೇಟಿನ ಕಡೆ ಕೈ ತೋರಿಸಿದ.

ಇನ್ನೊಂದು ಪಾರ್ಟಿ ಎನ್ನುವುದು ಸುಳ್ಳಾಗಿರಲಿಲ್ಲ. ಎಳೆಯ ಗಂಡ ಹೆಂಡತಿ ಒಳಗೆ ಬರುತ್ತಿದ್ದರು. ಹುಡುಗಿ ಏಳೋ ಎಂಟೋ ತಿಂಗಳ ಬಸುರಿ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನಕ್ಕೆ ನಡೆಯುತ್ತಿದ್ದಳು. ಕೆಂಪು ಕಾರು ಕಂಡದ್ದೇ ಗಂಡನ ತೋಳು ಹಿಡಿದು ನಕ್ಕಳು.

ಒಲೆರಾಯ ತಾಯಿಯನ್ನು ಹಿಡಿದುಕೊಂಡು ಗೇಟಿನವರೆಗೆ ಬಂದ. ನಾವು ಬಚಾವಾದೆವು, ಸಾಕು, ಊರ ಉಸಾಬರಿ ಯಾಕೆ ಎಂದು ಮನಸ್ಸು ಹೇಳುತ್ತಿತ್ತು. ಇಪ್ಪತ್ತೆರಡು ವರ್ಷ ಅವನು ಬದುಕಿದ್ದೇ ಹಾಗೆ. ಗೇಟಿನ ಚಿಲಕದ ಮೇಲೆ ಕೈಯಿಟ್ಟವನು ನಿಂತ. ತಾಯಿಯ ಕೈಯನ್ನು ಹೆಂಡತಿಗೆ ಕೊಟ್ಟು ತಿರುಗಿ ನಡೆದ.

"ತಮ್ಮಾ" ಎಂದ ಆ ಹುಡುಗನಿಗೆ. "ದುಡ್ಡು ಕೊಡೋ ಮುಂಚೆ ಒಂದು ಸಲ ಕೀ ತಿರುಗಿಸಿ ಏರ್‌ಬ್ಯಾಗಿನ ದೀಪ ಹತ್ತುತ್ತಾ ನೋಡು. ಬೆಲ್ಟು ಜಗ್ಗಿ ನೋಡು."

"ಅವರಿಗೆ ದುಡ್ಡು ಸಾಲದೆ ಹೊಟ್ಟೆಕಿಚ್ಚು" ಎಂದ ಬ್ರೋಕರ್.

ಹುಡುಗನಿಗೂ ಹಾಗೇ ಅನ್ನಿಸಿತು. "ನೀವು ತಗೊಳ್ಳೋಕೆ ನಮ್ಮನ್ನ ಓಡಿಸ್ತಿದ್ದೀರಾ? ನಮ್ಮ ವಿಷಯ ನಮಗೆ ಬಿಡಿ" ಎಂದ.

ಒಲೆರಾಯನ ಮುಖ ಕೆಂಪಾಯಿತು. ಇಂಥ ಮಾತಿಗೆ ಹೆದರಿಯೇ ಅವನು ಜೀವನವಿಡೀ ಬಾಯಿ ಮುಚ್ಚಿಕೊಂಡಿದ್ದದ್ದು. ಆದರೆ ಕದಲಲಿಲ್ಲ.

ಆಗ ಅಕ್ಕ ಬಂದು ಅವನ ಪಕ್ಕದಲ್ಲಿ ನಿಂತರು. ಹುಡುಗನ ಕಡೆಗಲ್ಲ, ಹುಡುಗಿಯ ಕಡೆ ನೋಡಿ ಒಂದೇ ಮಾತು ಹೇಳಿದರು:

"ಮಗಳೇ, ನನ್ನ ತಂಗಿ ಇಂಥದ್ದೇ ಗಾಡೀಲಿ ತೀರಿಹೋದಳು. ನೋಡಿ ಹೇಳ್ಬೇಕಾದವಳು ನಾನು. ಹೇಳಲಿಲ್ಲ."

ಹುಡುಗಿಯೇ ಮುಂದೆ ಬಂದಳು. ಕಾರಿನ ಬಾಗಿಲು ತೆಗೆದಳು. ಹೊಟ್ಟೆ ಅಡ್ಡವಾಗುತ್ತಿದ್ದರಿಂದ ಕೂರಲಾಗದೆ ಬಾಗಿಲಲ್ಲೇ ಬಗ್ಗಿ ಕೀ ತಿರುಗಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಕೀಯನ್ನು ಬ್ರೋಕರನ ಕೈಗೆ ಕೊಟ್ಟು ಗಂಡನಿಗೆ "ನಡಿ" ಎಂದಳು. ಹುಡುಗ ಗೇಟು ದಾಟುವಾಗ ಒಲೆರಾಯನ ಮುಖ ನೋಡಲಿಲ್ಲ. ಬೀದಿಗೆ ಬಂದ ಮೇಲೆ ಮಾತ್ರ ಹಿಂತಿರುಗಿ ಬಂದು ಅವನ ಕೈ ಹಿಡಿದು ಹಾಗೇ ಹೋದ.

ಆ ಕೆಂಪು ಕಾರಿನ ಬಗ್ಗೆ ಅಕ್ಕ ಅದೇ ದಿನ ಸಾರಿಗೆ ಕಚೇರಿಗೆ ಹೋಗಿ ದೂರು ಬರೆದು ಕೊಟ್ಟರು. ಒಲೆರಾಯ ಕೆಳಗೆ ತನ್ನ ಹೆಸರನ್ನೂ ಬರೆದ.

ಆಮೇಲೆ ಐದು ವಾರ ಹುಡುಕಿದರು. ತಾಯಿ ಬಸ್ಸಿನಲ್ಲೇ ಹೋಗಿ ಬಂದರು. ಆ ಐದು ವಾರ ಒಲೆರಾಯನಿಗೆ ಐದು ವರ್ಷ. ಒಂದೊಂದು ಸಲ "ಆ ಕೆಂಪು ಕಾರೇ ತಗೊಂಡಿದ್ರೆ" ಎಂದು ಬಾಯಿತನಕ ಬಂದದ್ದೂ ಉಂಟು. ಒಂದು ಗಾಡಿಯ ಸಾಲ ತೀರಿರಲಿಲ್ಲ. ಬ್ಯಾಂಕಿನ ಒಪ್ಪಿಗೆ ಪತ್ರ ತೋರಿಸಿ ಎಂದಾಗ ಮಾರುವವನು ಫೋನು ಎತ್ತುವುದನ್ನೇ ಬಿಟ್ಟ. ಇನ್ನೊಂದರಲ್ಲಿ ನೋಂದಣಿ ಪುಸ್ತಕದ ನಂಬರೇ ಬೇರೆ, ಎಂಜಿನ್ನಿನ ಮೇಲೆ ಕೊರೆದ ನಂಬರೇ ಬೇರೆ. ಮತ್ತೊಂದು ಗಾಡಿ ಮೀಟರಿನ ಪ್ರಕಾರ ಹೆಚ್ಚು ಓಡಿಯೇ ಇರಲಿಲ್ಲ, ಆದರೆ ಬ್ರೇಕಿನ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು.

ಕೊನೆಗೆ ಸಿಕ್ಕಿದ್ದು ಔಷಧಿ ಅಂಗಡಿಯ ಹಿರಿಯರೊಬ್ಬರ ಬೂದಿ ಬಣ್ಣದ ಕಾರು. ಕಣ್ಣು ಮಂಜಾಗಿದೆ, ಇನ್ನು ಓಡಿಸುವುದು ತಪ್ಪು ಎಂದು ಮಾರುತ್ತಿದ್ದರು. ಮುಂದಿನ ಬಂಪರಿಗೆ ಗೀರು, ಬಣ್ಣ ಮಾಸಿತ್ತು. ಒಲೆರಾಯ ಪ್ರಶ್ನೆ ಶುರು ಮಾಡಿದ ಕೂಡಲೇ ಅವರು ಒಳಗೆ ಹೋಗಿ ಒಂಬತ್ತು ವರ್ಷದ ಸರ್ವೀಸಿನ ಚೀಟಿಗಳನ್ನು ರಟ್ಟಿನ ಡಬ್ಬದಲ್ಲಿ ತಂದು ಮುಂದಿಟ್ಟರು. "ಕೇಳಿ ಕೇಳಿ. ನೀವು ಕೇಳದೆ ಇದ್ದಿದ್ರೆ ನಾನೇ ಕೂರಿಸಿ ಹೇಳ್ತಿದ್ದೆ" ಎಂದರು. ಗೀರು ಹೇಗಾಯಿತು ಎಂಬುದನ್ನೂ ನಾಚಿಕೆಯಿಂದ ಹೇಳಿದರು: ತಮ್ಮ ಮನೆಯ ಗೇಟಿಗೇ ಗುದ್ದಿದ್ದರು.

ತಣ್ಣನೆಯ ಎಂಜಿನ್ನು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಏರ್‌ಬ್ಯಾಗಿನ ದೀಪ ಹತ್ತಿತು, ಆರಿತು. ಬೆಲ್ಟುಗಳು ನಾಲ್ಕೂ ಹಿಡಿದವು. ಹಿಂದಿನ ಸೀಟು ತಾಯಿಯ ಮೊಣಕಾಲಿನ ಎತ್ತರಕ್ಕೇ ಇತ್ತು. ಒಲೆರಾಯ ಹಳ್ಳದಿಣ್ಣೆಯ ದಾರಿಯಲ್ಲಿ ಓಡಿಸಿ, ಖಾಲಿ ರಸ್ತೆಯಲ್ಲಿ ಬ್ರೇಕು ಒತ್ತಿ ನೋಡಿದ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಅಕ್ಕ ತೋರಿಸಿದರು. ತಯಾರಾದ ವಾರ, ವರ್ಷ. ಏಳು ವರ್ಷ ದಾಟಿತ್ತು. "ಇವು ನಾಲ್ಕೂ ಬದಲಾಯಿಸಬೇಕು" ಎಂದರು. ಆ ಖರ್ಚನ್ನು ಬೆಲೆಯಲ್ಲಿ ಇಳಿಸಲು ಹಿರಿಯರು ಒಪ್ಪಿದರು. ಹೆಂಡತಿ ತಿಂಗಳಿಗೆ ಬೇಕಾಗುವ ಇಂಧನ, ವರ್ಷದ ವಿಮೆ, ಸರ್ವೀಸು ಎಲ್ಲ ಕೂಡಿಸಿ ನೋಡಿ, "ಕೊಳ್ಳೋದು ಒಂದು ದಿನದ ಮಾತು, ಸಾಕೋದು ದಿನದಿನದ ಮಾತು. ಆಗುತ್ತೆ, ಕಷ್ಟಪಟ್ಟರೆ ಆಗುತ್ತೆ" ಎಂದಳು. ಹೆಸರು ಬದಲಾವಣೆ, ವಿಮೆಯ ವರ್ಗಾವಣೆ ಎರಡೂ ಮುಗಿದ ಮೇಲೆಯೇ ಗಾಡಿ ರಸ್ತೆಗಿಳಿಯಿತು.

ಮೊದಲ ಗುರುವಾರ ತಾಯಿ ಬಾಗಿಲು ಹಿಡಿದು, ಸೀಟಿಗೆ ಬೆನ್ನು ಕೊಟ್ಟು, ಯಾರ ಕೈಯನ್ನೂ ಹಿಡಿಯದೆ ಕೂತರು. ಬೆಲ್ಟನ್ನು ಒಲೆರಾಯನೇ ಹಾಕಿದ, ಹಾಕಿ ಒಮ್ಮೆ ಜಗ್ಗಿ ನೋಡಿದ. ನಾಲ್ಕು ಗಂಟೆ ಯಂತ್ರದ ಜೊತೆ ಕಳೆದು ಮರಳುವಾಗ ಅವರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು. ಕಾಯಿಲೆ ಹೋಗಲಿಲ್ಲ. ಅದು ಹೋಗುವ ಕಾಯಿಲೆಯೂ ಅಲ್ಲ. ಆದರೆ ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲಿ ತಾಯಿ ನಿದ್ದೆ ಮಾಡಿದ್ದನ್ನು ಒಲೆರಾಯ ಎರಡು ವರ್ಷದಲ್ಲಿ ಮೊದಲ ಸಲ ನೋಡಿದ. ಮನೆ ಬಂದರೂ ಎಬ್ಬಿಸಲಿಲ್ಲ. ಗಾಡಿ ನಿಲ್ಲಿಸಿ, ಅವರೇ ಕಣ್ಣು ಬಿಡುವವರೆಗೆ ಕಾದು ಕೂತ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಮೊದಲ ಸಲ ಒಂದು ಚಿಕ್ಕ ಕಾರು ಕೊಳ್ಳಲು ಹೊರಟಿರಬಹುದು. ಬಣ್ಣ ನೋಡಿ, ತಪ್ಪಿಲ್ಲ. ಆದರೆ ಅದರಲ್ಲಿ ದಿನವೂ ಕೂರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಎಂಜಿನ್ನು ತಣ್ಣಗಿರುವಾಗಲೇ ನೋಡಿ. ಕೀ ತಿರುಗಿಸಿ ದೀಪಗಳನ್ನು ನೋಡಿ, ಪ್ರತಿ ಬೆಲ್ಟನ್ನೂ ಜಗ್ಗಿ. ಕಾಗದದ ನಂಬರು, ಗಾಡಿಯ ನಂಬರು ಎರಡೂ ಒಂದೇ ಇವೆಯೇ, ಸಾಲ ತೀರಿದೆಯೇ, ಯಾಕೆ ಮಾರುತ್ತಿದ್ದಾರೆ, ಅಪಘಾತ ಆಗಿದೆಯೇ ಎಂದು ಬಾಯಿ ಬಿಟ್ಟು ಕೇಳಿ. ಹೇಳಿದ್ದನ್ನು ಬರೆಸಿಕೊಳ್ಳಿ. ನಿಮಗೆ ತಿಳಿಯದಿದ್ದರೆ ತಿಳಿದ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ಯಿರಿ. ಅವರಿಗೆ ಅವಸರ ಮಾಡಬೇಡಿ. ನಿಮಗೆ ಯಾರಾದರೂ ಅವಸರ ಮಾಡಿದರೆ ಅಲ್ಲಿಂದ ಎದ್ದು ಬನ್ನಿ.

ಕೇಳಲು ನಾಚಿಕೆಯಾದರೆ ಆ ಸೀಟಿನಲ್ಲಿ ನಾಳೆ ಯಾರು ಕೂರುತ್ತಾರೆ ಎಂದು ಒಂದು ಕ್ಷಣ ಯೋಚಿಸಿ. ಆಮೇಲೆ ಕೇಳಿ.